ಮೋಡಿಸ್‌ನ ನೆಲದ ಬಿಸಿ ಲೆಕ್ಕ: ಕಾಟಾ ರಿಪೇರಿ ಮಾಡುವವನು ಬಳಸಿ ನೋಡಿದ್ದು

ಕಲಬುರಗಿಯ ಗಂಜ್ ಹತ್ತಿರ ನನ್ನದು ಕಾಟಾ ರಿಪೇರಿ ಅಂಗಡಿ. ಮೂವತ್ತೊಂದು ವರ್ಷ ಆಯಿತು. ತೊಗರಿ ಚೀಲ ತೂಗುವ ಪ್ಲಾಟ್‌ಫಾರ್ಮ್ ಕಾಟಾ, ಕಿರಾಣಿ ಅಂಗಡಿಯ ಟೇಬಲ್ ಕಾಟಾ, ಬಂಗಾರದವರ ಗಾಜಿನ ಪೆಟ್ಟಿಗೆಯ ತಕ್ಕಡಿ, ಎಲ್ಲ ನನ್ನ ಕೈಯಲ್ಲಿ ಹಾದು ಹೋಗಿವೆ. ಕೆಟ್ಟಿದ್ದನ್ನು ರಿಪೇರಿ ಮಾಡಿ, ತೂಕ ಸರಿ ಮಾಡಿ, ಇನ್‌ಸ್ಪೆಕ್ಟರ್ ಮುದ್ರೆ ಹಾಕುವುದಕ್ಕೆ ತಯಾರು ಮಾಡಿ ಕೊಡುವುದು ನನ್ನ ಕೆಲಸ. ಎಲೆಕ್ಟ್ರಾನಿಕ್ ಕಾಟಾಕ್ಕೆ ವರ್ಷಕ್ಕೊಮ್ಮೆ ಮುದ್ರೆ, ಕಬ್ಬಿಣದ ತೂಕದ ಕಲ್ಲಿಗೆ ಎರಡು ವರ್ಷಕ್ಕೊಮ್ಮೆ.

ಮಗಳು ಇಲ್ಲೇ ಎಂಎಸ್ಸಿ ಓದುತ್ತಿದ್ದಾಳೆ. ಪ್ರಾಜೆಕ್ಟ್‌ಗೆ ಅವಳು ಹಿಡಿದ ವಿಷಯ, ಕಲಬುರಗಿ ಊರು ಮತ್ತು ಸುತ್ತಲಿನ ಎರೆ ಹೊಲಗಳು ಬೇಸಿಗೆಯಲ್ಲಿ ಎಷ್ಟು ಕಾಯುತ್ತವೆ ಅನ್ನುವುದು. ಅದಕ್ಕೆ ನಾಸಾದ ಟೆರ್ರಾ ಉಪಗ್ರಹದ ಡೇಟಾ ತೆಗೆದುಕೊಂಡಳು. ಒಂದು ರಾತ್ರಿ ಊಟ ಆದ ಮೇಲೆ ಲ್ಯಾಪ್‌ಟಾಪ್ ತಂದು ಮುಂದೆ ಇಟ್ಟು ಕೇಳಿದಳು: "ಅಪ್ಪಾ, ಈ ಮಷೀನ್ ಮ್ಯಾಲ ಹೋಗಿ ಇಪ್ಪತ್ತೈದು ವರ್ಷ ಆಯ್ತು. ನಡುವ ಎರಡ್ಮೂರು ಸಲ ಕೆಟ್ಟಾದ. ಇದು ನಿನ್ನ ಅಂಗಡಿಗಿ ಬಂದ್ರ ಮುದ್ರಿಗಿ ಕಳಸ್ತಿಯೇನು?"

ಸುಮ್ನೆ ಕೇಳಿದ ಮಾತಲ್ಲ ಅದು. ಅವಳ ಪ್ರಾಜೆಕ್ಟ್ ಪೂರಾ ಅದರ ಮೇಲೆ ನಿಂತಿತ್ತು. ನಾನು ಸ್ವಲ್ಪ ಟೈಮ್ ಕೊಡು ಅಂದೆ. ನಾಲ್ಕು ತಿಂಗಳು ಹಿಡಿಯಿತು. ಆಮೇಲೆ ನನಗೆ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ಈ ಡೇಟಾ ಪುಕ್ಕಟೆ ಸಿಗುತ್ತದೆ, ನಮ್ಮ ಭಾಗದ ಹುಡುಗರು ಬಳಸಬಹುದು, ಆದರೆ ಕನ್ನಡದಲ್ಲಿ ಇದರ ಬಗ್ಗೆ ಹೇಳುವವರು ನನಗೆ ಸಿಗಲಿಲ್ಲ.

ಮೊದಲು ವಸ್ತು ಏನು ಅಂತ ಹೇಳುತ್ತೇನೆ. ಟೆರ್ರಾ ಮೇಲಕ್ಕೆ ಹೋಗಿದ್ದು 1999ರ ಡಿಸೆಂಬರ್ 18ರಂದು. ಅದರ ಮೇಲೆ ಮೋಡಿಸ್ ಅನ್ನುವ ಸೆನ್ಸರ್ ಕೂತಿದೆ. ಒಟ್ಟು 36 ಬ್ಯಾಂಡ್, ಅಂದರೆ ಬೆಳಕನ್ನು 36 ಪಟ್ಟಿ ಮಾಡಿ ಒಂದೊಂದನ್ನೂ ಬೇರೆ ಬೇರೆ ಅಳೆಯುತ್ತದೆ. ಅದರಲ್ಲಿ 16 ಬ್ಯಾಂಡ್ ಬಿಸಿಯನ್ನು ನೋಡುವ ಇನ್‌ಫ್ರಾರೆಡ್ ಬ್ಯಾಂಡ್‌ಗಳು. ಆರು ವರ್ಷ ಬಾಳಿಕೆ ಬರಲಿ ಅಂತ ಮಾಡಿದ ಮಷೀನ್ ಇದು. ಇದರದೇ ಜೋಡಿ ಇನ್ನೊಂದು ಮೋಡಿಸ್ 2002ರ ಮೇ ತಿಂಗಳಲ್ಲಿ ಆಕ್ವಾ ಉಪಗ್ರಹದ ಮೇಲೆ ಹೋಯಿತು. ಎರಡೂ ನೆಲದ ಬಿಸಿಯನ್ನು ಒಂದೊಂದು ಕಿಲೋಮೀಟರ್ ಚೌಕದ ಲೆಕ್ಕದಲ್ಲಿ, ಹಗಲಿಗೊಂದು ರಾತ್ರಿಗೊಂದು, ಕೊಡುತ್ತವೆ. ಟೆರ್ರಾದ್ದಕ್ಕೆ ಮೋಡ್11ಎ1 ಅಂತ ಹೆಸರು, ಆಕ್ವಾದ್ದಕ್ಕೆ ಮೈಡ್11ಎ1.

ತೆಗೆದುಕೊಳ್ಳುವುದು ಕಷ್ಟ ಇಲ್ಲ. ಅರ್ಥ್‌ಡೇಟಾ ಅನ್ನುವ ನಾಸಾದ ವೆಬ್‌ಸೈಟಿನಲ್ಲಿ ಒಂದು ಲಾಗಿನ್ ಮಾಡಿಕೊಂಡು ಆಪಿಯರ್ಸ್ ಅನ್ನುವ ಸೇವೆಗೆ ಹೋಗಬೇಕು. ಊರಿನ ಅಕ್ಷಾಂಶ ರೇಖಾಂಶ ಕೊಡಬೇಕು, ನಮ್ಮದು 17.33, 76.83. ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಅಂತ ಹೇಳಬೇಕು. ತಯಾರಾದ ಮೇಲೆ ಮೇಲ್ ಬರುತ್ತದೆ. ನಮಗೆ ಒಂದು ಸಲ ಅರ್ಧ ಗಂಟೆಯಲ್ಲಿ ಬಂತು, ಇನ್ನೊಂದು ಸಲ ರಾತ್ರಿ ಕೊಟ್ಟಿದ್ದು ಬೆಳಿಗ್ಗೆ ಬಂತು. ಒಂದು ರೂಪಾಯಿ ಖರ್ಚಿಲ್ಲ. ಎಕ್ಸೆಲ್‌ನಲ್ಲಿ ತೆರೆಯುವ ಫೈಲ್, ಕೆಲ್ವಿನ್ ಲೆಕ್ಕದಲ್ಲಿ ಇರುತ್ತದೆ, 273.15 ಕಳೆದರೆ ಸೆಲ್ಸಿಯಸ್. ಮೂಲ ಫೈಲನ್ನೇ ಇಳಿಸಿಕೊಂಡರೆ ಅದರಲ್ಲಿ 16012 ಅನ್ನುವಂಥ ಅಂಕಿ ಇರುತ್ತದೆ. ಅದನ್ನು 0.02ರಿಂದ ಗುಣಿಸಿದರೆ 320.24 ಕೆಲ್ವಿನ್, ಅಂದರೆ 47 ಡಿಗ್ರಿ ಚಿಲ್ಲರೆ.

ಇಷ್ಟು ನೋಡಿ ಗಾಬರಿ ಆಗಬೇಡಿ. ಇದು ಗಾಳಿಯ ಬಿಸಿ ಅಲ್ಲ, ನೆಲದ ಮೇಲ್ಮೈಯ ಬಿಸಿ. ಪೇಪರ್‌ನಲ್ಲಿ ಕಲಬುರಗಿ 42 ಡಿಗ್ರಿ ಅಂತ ಬಂದ ದಿನ ಮಧ್ಯಾಹ್ನ ಬರಿಗಾಲಲ್ಲಿ ಶಹಾಬಾದ್ ಕಲ್ಲಿನ ಮೇಲೆ ನಿಂತವರಿಗೆ ಎರಡಕ್ಕೂ ಇರುವ ಫರಕು ಗೊತ್ತು.

ಈಗ ನನ್ನ ಕಸುಬಿನ ಮಾತು. ಒಂದು ಕಾಟಾ ಅಂಗಡಿಗೆ ಬಂದರೆ ನಾನು ಮೊದಲು ಮಾಡುವುದು ಎರಡೇ ಕೆಲಸ. ತಟ್ಟೆ ಒರೆಸಿ ಖಾಲಿ ಬಿಟ್ಟು ಜೀರೋ ನೋಡುತ್ತೇನೆ. ಆಮೇಲೆ ಮುದ್ರೆ ಇರುವ 20 ಕಿಲೋ ಕಲ್ಲು ಇಟ್ಟು 20 ತೋರಿಸುತ್ತದಾ ಅಂತ ನೋಡುತ್ತೇನೆ. ಖಾಲಿ ಒಂದು, ಗೊತ್ತಿರುವ ಭಾರ ಒಂದು. ಈ ಎರಡು ಇಲ್ಲದೆ ಯಾವ ಕಾಟಾದ ಮಾತೂ ನಾನು ನಂಬುವುದಿಲ್ಲ.

ಮೋಡಿಸ್ ಒಳಗೆ ಎರಡೂ ಮುಖ ಇರುವ ಒಂದು ಕನ್ನಡಿ ಇದೆ. ನಿಮಿಷಕ್ಕೆ 20.3 ಸುತ್ತು ತಿರುಗುತ್ತದೆ. ಒಂದು ಮುಖದ ಪಾಳಿಗೆ 1.477 ಸೆಕೆಂಡ್. ಆ ಒಂದೂವರೆ ಸೆಕೆಂಡ್ ಒಳಗೆ ಕನ್ನಡಿ ಮೊದಲು ಒಳಗಿನ ಒಂದು ಕಪ್ಪು ಫಲಕವನ್ನು ನೋಡುತ್ತದೆ, ಆಮೇಲೆ ಒಂದು ಕಿಂಡಿಯಿಂದ ಖಾಲಿ ಆಕಾಶವನ್ನು ನೋಡುತ್ತದೆ, ಆಮೇಲೆ ಭೂಮಿಯನ್ನು ನೋಡುತ್ತದೆ. ಖಾಲಿ ಆಕಾಶ ಅದರ ಜೀರೋ. ಕಪ್ಪು ಫಲಕ ಅದರ ತೂಕದ ಕಲ್ಲು. ಅದಕ್ಕೆ ಬ್ಲ್ಯಾಕ್‌ಬಾಡಿ ಅನ್ನುತ್ತಾರೆ. ಅದರ ಬಿಸಿಯನ್ನು ಟೆರ್ರಾದಲ್ಲಿ 290 ಕೆಲ್ವಿನ್‌ಗೆ, ಅಂದರೆ ಸುಮಾರು 17 ಡಿಗ್ರಿಗೆ, ಹಿಡಿದಿಟ್ಟಿದ್ದಾರೆ. ಆಕ್ವಾದಲ್ಲಿ 285. ಆ ಫಲಕದ ಒಳಗೆ 12 ಥರ್ಮಾಮೀಟರ್ ಹುದುಗಿಸಿ ಇಟ್ಟಿದ್ದಾರೆ.

ಮಗಳು ಇದನ್ನು ಓದಿ ಹೇಳಿದಾಗ ನಾನು ಎರಡು ಸಲ ಕೇಳಿದೆ. ನಾನು ವರ್ಷಕ್ಕೊಮ್ಮೆ ಮಾಡುವ ಕೆಲಸವನ್ನು ಅದು ಒಂದೂವರೆ ಸೆಕೆಂಡಿಗೊಮ್ಮೆ ಮಾಡುತ್ತದೆ, ಇಪ್ಪತ್ತೈದು ವರ್ಷದಿಂದ. ಆ ರಾತ್ರಿ ನನಗೆ ಭಾಳ ಹೊತ್ತು ನಿದ್ದೆ ಬರಲಿಲ್ಲ. ಅಷ್ಟು ಖುಷಿ ಆಗಿತ್ತು.

ಆದರೆ ಒಂದು ಜೀರೋ, ಒಂದು ಕಲ್ಲು ಸಾಲುವುದಿಲ್ಲ ಅಂತ ನನಗೂ ಗೊತ್ತು. ಕಾಟಾದ ಒಳಗೆ ಭಾರ ಅಳೆಯುವ ಲೋಡ್ ಸೆಲ್ ಹಳೆಯದಾದರೆ 0ಗೂ ಸರಿ, 20ಕ್ಕೂ ಸರಿ ಇರುತ್ತದೆ, 60 ಕಿಲೋಗೆ ಹೋದರೆ ಜಾರುತ್ತದೆ. ಅದಕ್ಕೇ ಕಲ್ಲು ಏರಿಸುತ್ತಾ ಹೋಗಬೇಕು, ಇಳಿಸುತ್ತಾ ಬರಬೇಕು. ಮೋಡಿಸ್‌ನವರೂ ಇದನ್ನು ಮಾಡುತ್ತಾರೆ. ಮೂರು ತಿಂಗಳಿಗೊಮ್ಮೆ ಕಪ್ಪು ಫಲಕದ ಹೀಟರ್ ಬಂದ್ ಮಾಡಿ ಸುಮಾರು 270 ಕೆಲ್ವಿನ್‌ಗೆ ತಣ್ಣಗಾಗಲು ಬಿಡುತ್ತಾರೆ, ಮತ್ತೆ 315 ಕೆಲ್ವಿನ್‌ವರೆಗೆ ಮೆಟ್ಟಿಲು ಮೆಟ್ಟಿಲಾಗಿ ಕಾಯಿಸುತ್ತಾರೆ. ಒಂದೊಂದು ಮೆಟ್ಟಿಲಲ್ಲಿ ಸೆನ್ಸರ್ ಏನು ತೋರಿಸುತ್ತದೆ ಅಂತ ಬರೆದುಕೊಂಡು ಲೆಕ್ಕದ ಸೂತ್ರ ತಿದ್ದುತ್ತಾರೆ.

ಇಲ್ಲಿ ಒಂದು ಮಾತು ನಮ್ಮ ಭಾಗದವರಿಗೆ. 315 ಕೆಲ್ವಿನ್ ಅಂದರೆ 42 ಡಿಗ್ರಿ. ಏಪ್ರಿಲ್ ಮೇನಲ್ಲಿ ನಮ್ಮ ಖಾಲಿ ಎರೆ ಹೊಲ ಅದನ್ನು ಸುಲಭವಾಗಿ ದಾಟುತ್ತದೆ. ಅಂದರೆ ನಮ್ಮ ಬೇಸಿಗೆಯ ಅಂಕಿ ಅವರ ಅತಿ ದೊಡ್ಡ ಕಲ್ಲಿನ ಆಚೆಗೆ ಬೀಳುತ್ತದೆ. 50 ಕಿಲೋವರೆಗೆ ಕಲ್ಲಿಟ್ಟು ನೋಡಿದ ಕಾಟಾದಲ್ಲಿ 60 ಕಿಲೋ ಚೀಲ ತೂಗಿದ ಹಾಗೆ. ತಪ್ಪು ಅಂತ ಅಲ್ಲ. ಸೆನ್ಸರ್ ನೇರ ಗೆರೆಯಲ್ಲಿ ಹೋಗುತ್ತಿದ್ದರೆ ಆಚೆಗೂ ಸರಿಯೇ ಇರುತ್ತದೆ. ಆದರೆ ಇದು ತಲೆಯಲ್ಲಿ ಇರಬೇಕು.

ಇನ್ನೊಂದು ವಿಷಯ ನನಗೆ ಬಹಳ ಹಿಡಿಸಿತು. ಬಂಗಾರದ ತಕ್ಕಡಿಯನ್ನು ಗಾಜಿನ ಪೆಟ್ಟಿಗೆಯಲ್ಲಿ ಯಾಕೆ ಇಡುತ್ತಾರೆ? ಫ್ಯಾನ್ ಗಾಳಿಯೂ ತೂಗಬಾರದು ಅಂತ. ಮೋಡಿಸ್‌ನ ಬಿಸಿ ನೋಡುವ ಕಣ್ಣುಗಳನ್ನು ಸುಮಾರು 83 ಕೆಲ್ವಿನ್‌ನಲ್ಲಿ, ಅಂದರೆ ಸೊನ್ನೆಗಿಂತ 190 ಡಿಗ್ರಿ ಕೆಳಗೆ, ಇಟ್ಟಿದ್ದಾರೆ. ಇಲ್ಲದಿದ್ದರೆ ಅವುಗಳ ಸ್ವಂತ ಬಿಸಿಯೇ ಅವುಗಳಿಗೆ ಅಡ್ಡ ಬರುತ್ತದೆ. ಅದಕ್ಕೆ ಕಂಪ್ರೆಸರ್ ಇಲ್ಲ. ತಣ್ಣನೆಯ ಆಕಾಶಕ್ಕೆ ಮುಖ ಮಾಡಿದ ಕೂಲರ್, ಬಿಸಿಯನ್ನು ಅತ್ತ ಬಿಟ್ಟುಕೊಡುತ್ತಾ ಕೂತಿರುತ್ತದೆ, ಅಷ್ಟೇ.

ಈಗ ಕೆಟ್ಟ ಕಥೆಗೆ ಬರೋಣ.

ಶುರುವಿನ ವರ್ಷಗಳಲ್ಲೇ ಇದಕ್ಕೆ ಕಾಟ ಇತ್ತು. ಇದರಲ್ಲಿ ಎಲೆಕ್ಟ್ರಾನಿಕ್ಸ್ ಎರಡು ಜೊತೆ ಇದೆ, ಒಂದೊಂದಕ್ಕೆ ಬದಿ ಅನ್ನುತ್ತಾರೆ. 2000ದ ಅಕ್ಟೋಬರ್ ಕೊನೆಗೆ ಎಲೆಕ್ಟ್ರಾನಿಕ್ಸ್‌ನ ಒಂದು ಬದಿಯಿಂದ ಇನ್ನೊಂದು ಬದಿಗೆ ಬದಲಾಯಿಸಿದರು. 2001ರ ಜೂನ್‌ನಲ್ಲಿ ಆ ಬದಿಯ ಪವರ್ ಸಪ್ಲೈ ಹೋಯಿತು, ಜುಲೈನಲ್ಲಿ ಹಳೆಯ ಬದಿಗೆ ವಾಪಸ್ ಬಂದರು. 2003ರಲ್ಲಿ ಸೂರ್ಯನ ಬೆಳಕು ನೋಡುವ ಫಲಕದ ಬಾಗಿಲು ತೊಂದರೆ ಕೊಟ್ಟಿತು, ಅದನ್ನು ಕಾಯಂ ತೆರೆದೇ ಬಿಟ್ಟರು. ಅದು ಬೆಳಕಿನ ಬ್ಯಾಂಡ್‌ಗಳ ಕಥೆ, ಬಿಸಿಗೆ ಸಂಬಂಧ ಇಲ್ಲ. ನಾನು ಮಗಳಿಗೆ ಹೇಳಿದ್ದು ಒಂದೇ: ಬದಿ ಬದಲಾದ ವರ್ಷಗಳನ್ನು ಬಿಡು, 2003ರಿಂದ ಲೆಕ್ಕ ಶುರು ಮಾಡು. ಅಂಗಡಿಯಲ್ಲೂ ನಾನು ಹಾಗೇ. ಬೋರ್ಡ್ ಬದಲಾಯಿಸಿದ ಕಾಟಾದ ಹಳೆ ರೀಡಿಂಗ್‌ಗೂ ಹೊಸ ರೀಡಿಂಗ್‌ಗೂ ಗಂಟು ಹಾಕುವುದಿಲ್ಲ.

ದೊಡ್ಡದು ಆಗಿದ್ದು 2016ರ ಫೆಬ್ರವರಿ 18ರಂದು. ಕಕ್ಷೆ ಸರಿ ಮಾಡಲು ಟೆರ್ರಾವನ್ನು ತಳ್ಳುವ ಹೊತ್ತಿನಲ್ಲಿ ಅದು ಸೇಫ್ ಮೋಡ್‌ಗೆ ಹೋಯಿತು. ಮನೆಯಲ್ಲಿ ಫ್ಯೂಸ್ ಹಾರಿದ ಹಾಗೆ ಅಂದುಕೊಳ್ಳಿ. ಕೆಲವು ದಿನ ಮೋಡಿಸ್ ಕೆಲಸ ನಿಂತಿತು. ಮತ್ತೆ ಚಾಲೂ ಮಾಡಿದಾಗ ಹೆಚ್ಚಿನ ಬ್ಯಾಂಡ್‌ಗಳು ಸರಿಯಾಗಿಯೇ ಬಂದವು. ಆದರೆ 27ರಿಂದ 30ರವರೆಗಿನ ನಾಲ್ಕು ಇನ್‌ಫ್ರಾರೆಡ್ ಬ್ಯಾಂಡ್‌ಗಳಲ್ಲಿ ಮೊದಲೇ ಇದ್ದ ಒಂದು ರೋಗ ಏಕಾಏಕಿ ಜಾಸ್ತಿ ಆಯಿತು. ಒಂದರ ಸಿಗ್ನಲ್ ಇನ್ನೊಂದಕ್ಕೆ ಸೋರುವುದು. ಕ್ರಾಸ್‌ಟಾಕ್ ಅನ್ನುತ್ತಾರೆ. ಚಿತ್ರಗಳಲ್ಲಿ ಗೆರೆ ಗೆರೆ ಕಾಣತೊಡಗಿತು.

ಈ ರೋಗ ನನಗೆ ಚೆನ್ನಾಗಿ ಗೊತ್ತು. ಪ್ಲಾಟ್‌ಫಾರ್ಮ್ ಕಾಟಾದ ನಾಲ್ಕು ಮೂಲೆಗೆ ನಾಲ್ಕು ಲೋಡ್ ಸೆಲ್ ಇರುತ್ತವೆ. ನಾಲ್ಕರ ವೈರೂ ಒಂದು ಜಂಕ್ಷನ್ ಬಾಕ್ಸ್‌ಗೆ ಬರುತ್ತದೆ. ಮಳೆಗಾಲದಲ್ಲಿ ಆ ಬಾಕ್ಸ್‌ಗೆ ತೇವ ಹೊಕ್ಕರೆ ಒಂದರ ಕರೆಂಟ್ ಇನ್ನೊಂದಕ್ಕೆ ಜಿನುಗುತ್ತದೆ. ನಡುವೆ ಕಲ್ಲು ಇಟ್ಟರೆ 20 ಕಿಲೋ ಸರಿಯಾಗಿ ತೋರಿಸುತ್ತದೆ. ಅದೇ ಕಲ್ಲನ್ನು ಬಾಗಿಲ ಕಡೆಯ ಮೂಲೆಗೆ ಸರಿಸಿದರೆ 20 ಕಿಲೋ 150 ಗ್ರಾಂ. ವ್ಯಾಪಾರಿ ನಡುವೆ ಮಾತ್ರ ನೋಡಿ "ಕಾಟಾ ಸರಿ ಅದರೀ" ಅನ್ನುತ್ತಾನೆ. ದಿನಕ್ಕೆ ನೂರು ಚೀಲ ತೂಗುವ ಹಮಾಲನಿಗೆ ಮಾತ್ರ ಗೊತ್ತಿರುತ್ತದೆ, ಚೀಲ ಎಲ್ಲಿ ಒಗೆದರೆ ಎಷ್ಟು ಬರುತ್ತದೆ ಅಂತ. ನಾನು ಬಾಕ್ಸ್ ಬಿಚ್ಚುತ್ತೇನೆ, ಒಣಗಿಸುತ್ತೇನೆ, ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಮುಚ್ಚುತ್ತೇನೆ.

ಏಳುನೂರು ಕಿಲೋಮೀಟರ್ ಮೇಲೆ ಇರುವ ಬಾಕ್ಸನ್ನು ಯಾರು ಬಿಚ್ಚುತ್ತಾರೆ? ಅವರು ಚಂದ್ರನನ್ನು ಬಳಸಿದರು. ಜೀರೋ ನೋಡುವ ಆ ಕಿಂಡಿಯಲ್ಲಿ ಆಗಾಗ ಚಂದ್ರ ಬರುತ್ತಾನೆ. ಕಪ್ಪು ಆಕಾಶದಲ್ಲಿ ಒಂದು ಸಣ್ಣ ಬಿಸಿ ಬಿಲ್ಲೆ, ಸುತ್ತ ಏನೂ ಇಲ್ಲ. ಬ್ಯಾಂಡ್‌ಗಳು ಪಕ್ಕಪಕ್ಕ ಕೂತಿರುವುದರಿಂದ ಅವು ಚಂದ್ರನನ್ನು ಒಂದರ ಹಿಂದೆ ಒಂದು ನೋಡುತ್ತವೆ. 29ನೇ ಬ್ಯಾಂಡ್ ಎದುರು ಚಂದ್ರ ಇನ್ನೂ ಬಂದಿಲ್ಲ, ಆದರೆ ಅದರಲ್ಲಿ ಮಸುಕಾಗಿ ಒಂದು ಚಂದ್ರ ಕಾಣುತ್ತಿದೆ ಅಂದರೆ, ಆ ಹೊತ್ತಿನಲ್ಲಿ ಚಂದ್ರನನ್ನು ನೋಡುತ್ತಿರುವ ಬ್ಯಾಂಡ್‌ನಿಂದ ಅದು ಸೋರಿ ಬಂದದ್ದು. ಆ ಮಸುಕು ಚಂದ್ರ ನಿಜವಾದ ಚಂದ್ರನ ಎಷ್ಟು ಪಾಲು ಅಂತ ಅಳೆದರೆ ಸೋರಿಕೆ ಎಷ್ಟು ಅಂತ ಸಿಕ್ಕಿತು. ಆಮೇಲೆ ಲೆಕ್ಕದಲ್ಲಿ ಅಷ್ಟನ್ನು ಕಳೆಯುವುದು. ಬಾಕ್ಸ್ ಮುಟ್ಟಲೇ ಇಲ್ಲ, ಮೂಲೆ ಮೂಲೆಗೆ ಕಲ್ಲಿಟ್ಟು ತಪ್ಪನ್ನು ಬರೆದುಕೊಂಡು ಕಳೆದ ಹಾಗೆ.

ತಣ್ಣನೆಯ ತುದಿಗೆ ಇನ್ನೊಂದು ಸಾಕ್ಷಿ ಇದೆ. ಅಂಟಾರ್ಕ್ಟಿಕಾದಲ್ಲಿ ಡೋಮ್ ಸಿ ಅಂತ ಹಿಮದ ಬಯಲು. ಅಲ್ಲಿ ನೆಲದ ಮೇಲೆ ಹವಾಮಾನ ಯಂತ್ರ ಇದೆ. ಸೆನ್ಸರ್ ವರ್ಷದಿಂದ ವರ್ಷಕ್ಕೆ ಸರಿದಿದೆಯಾ ಅಂತ ಅದಕ್ಕೆ ಹೋಲಿಸಿ ನೋಡುತ್ತಾರೆ.

ಈ ತಿದ್ದುಪಡಿಯನ್ನು 2016ರ ನಂತರದ ಡೇಟಾಕ್ಕೆ ಮಾತ್ರ ಹಾಕಲಿಲ್ಲ. ಶುರುವಿನಿಂದ ಪೂರಾ ಹೊಸದಾಗಿ ಲೆಕ್ಕ ಹಾಕಿ ಕಲೆಕ್ಷನ್ 6.1 ಅಂತ ಹೊರಗೆ ಬಿಟ್ಟರು. ನಾವು ಈಗ ತೆಗೆದುಕೊಳ್ಳುವುದು ಅದನ್ನೇ.

ಇಲ್ಲಿ ನನಗೂ ಮಗಳಿಗೂ ವಾದ ಆಯಿತು. ಗಂಜ್‌ನಲ್ಲಿ ಹಳೆಯ ತೂಕದ ಚೀಟಿ ಆಮೇಲೆ ತಿದ್ದಿದರೆ ಅದಕ್ಕೆ ಮೋಸ ಅನ್ನುತ್ತೇವೆ. ಒಂದೇ ತಾರೀಖಿಗೆ ಹಳೆ ಫೈಲಲ್ಲಿ ಒಂದು ಅಂಕಿ, ಹೊಸ ಫೈಲಲ್ಲಿ ಇನ್ನೊಂದು ಅಂದರೆ ನಾನು ಹೇಗೆ ಒಪ್ಪಲಿ? ಅವಳು ಸಮಾಧಾನವಾಗಿ ಹೇಳಿದಳು: "ಚೀಟಿ ತಿದ್ದಿಲ್ಲಪ್ಪಾ. ಮಷೀನ್ ಕೊಟ್ಟ ಮೂಲ ಅಂಕಿ ಹಾಂಗೇ ಇಟ್ಟಾರ. ಅದರ ಮ್ಯಾಲಿನ ಲೆಕ್ಕ ಮತ್ತೊಮ್ಮೆ ಮಾಡ್ಯಾರ. ಯಾವ ಲೆಕ್ಕ ಅಂತ ನಂಬರ್ ಸೈತ ಬರದಾರ." ನಾನು ಎರಡು ದಿನ ಯೋಚನೆ ಮಾಡಿದೆ. ನಿಜ. ನನ್ನ ರಿಜಿಸ್ಟರ್‌ನಲ್ಲಿ "ಬಂದಾಗ ಇದ್ದದ್ದು" ಅಂತ ಒಂದು ಕಾಲಂ, "ಸರಿ ಮಾಡಿದ ಮೇಲೆ" ಅಂತ ಇನ್ನೊಂದು ಕಾಲಂ ಇದೆ. ಎರಡೂ ಇರುವವರೆಗೆ ಮೋಸ ಇಲ್ಲ. ಹಾಗಾಗಿ ನೀವು ಬಳಸುವಾಗ 6.1 ಅನ್ನುವುದನ್ನು ನಿಮ್ಮ ವರದಿಯಲ್ಲಿ ಬರೆಯಿರಿ. ಹಳೆ ಕಲೆಕ್ಷನ್‌ನ ಫೈಲ್ ಸೀನಿಯರ್ ಯಾರೋ ಕೊಟ್ಟರು ಅಂತ ಇದರ ಜೊತೆ ಬೆರೆಸಬೇಡಿ.

ನೆಲದ ಬಿಸಿಗೆ ಈ ಸೋರಿಕೆಯಿಂದ ಎಷ್ಟು ಪೆಟ್ಟು? ಮೋಡ್11ಎ1 ಮುಖ್ಯವಾಗಿ 31 ಮತ್ತು 32ನೇ ಬ್ಯಾಂಡ್ ಮೇಲೆ ನಿಂತಿದೆ, ಅಂದರೆ 11 ಮತ್ತು 12 ಮೈಕ್ರಾನ್ ಅಲೆಯುದ್ದ. ಅವು ಆ ನಾಲ್ಕರಲ್ಲಿ ಇಲ್ಲ. ಆದರೆ ಮೋಡ ಇದೆಯಾ ಇಲ್ಲವಾ ಅಂತ ಗುರುತಿಸುವ ಲೆಕ್ಕಕ್ಕೆ 29ನೇ ಬ್ಯಾಂಡೂ ಬೇಕು. ಮೋಡ್21 ಅಂತ ಇನ್ನೊಂದು ನೆಲದ ಬಿಸಿಯ ಡೇಟಾ ಇದೆ, ಅದು 29ನ್ನು ನೇರವಾಗಿ ಬಳಸುತ್ತದೆ. ಅದಕ್ಕೇ ನಾವು ಮೋಡ್11ಎ1 ಆರಿಸಿದೆವು.

ಆಕ್ವಾದ ಬಗ್ಗೆ ಒಂದೇ ಮಾತು. 2020ರ ಆಗಸ್ಟ್ 16ರಿಂದ ಸೆಪ್ಟೆಂಬರ್ 2ರವರೆಗೆ ಅದರ ಡೇಟಾ ಇಲ್ಲ. ಡೇಟಾ ಕೂಡಿಸಿ ಕಳಿಸುವ ಭಾಗ ಕೈಕೊಟ್ಟಿತ್ತು. ಆ ದಿನಗಳನ್ನು ಖಾಲಿ ಬಿಟ್ಟಿದ್ದಾರೆ, ಅಂದಾಜಿನ ಅಂಕಿ ತುಂಬಿಲ್ಲ. ನನಗೆ ಅದು ಸರಿ ಅನ್ನಿಸಿತು.

ಇಷ್ಟೆಲ್ಲ ಓದಿದ್ದಾಯಿತು. ಕಲ್ಲು ಇಟ್ಟು ನೋಡದೆ ನನಗೆ ಸಮಾಧಾನ ಆಗುವುದಿಲ್ಲ. ಒಂದು ಇನ್‌ಫ್ರಾರೆಡ್ ಗನ್ ತರಿಸಿದೆ, ದೂರದಿಂದ ಹಿಡಿದರೆ ವಸ್ತುವಿನ ಮೇಲ್ಮೈಯ ಬಿಸಿ ತೋರಿಸುತ್ತದೆ. ಮಾರಿದವರ ಹೆಸರು ಬೇಡ. ಅದರ ಜೊತೆ ಕ್ಯಾಲಿಬ್ರೇಶನ್ ಸರ್ಟಿಫಿಕೇಟ್ ಬಂತು. ಬೀದರ್‌ನಲ್ಲಿರುವ ನನ್ನ ಗೆಳೆಯರೂ ಅಲ್ಲಿಂದಲೇ ತರಿಸಿದ್ದರು. ಇಬ್ಬರ ಸರ್ಟಿಫಿಕೇಟನ್ನೂ ಫೋನಿನಲ್ಲಿ ಹೋಲಿಸಿದೆವು. ಸೀರಿಯಲ್ ನಂಬರ್ ಬೇರೆ, ರೀಡಿಂಗ್ ಮಾತ್ರ ದಶಾಂಶದವರೆಗೂ ಒಂದೇ. ಎರಡು ಗನ್ ಹಾಗೆ ಇರಲು ಸಾಧ್ಯವೇ ಇಲ್ಲ. ನನಗೆ ಬಹಳ ಸಿಟ್ಟು ಬಂತು. ಮುದ್ರೆ ಅನ್ನುವುದು ನನಗೆ ಅನ್ನದ ವಿಷಯ.

ಐಸ್ ಕುಟ್ಟಿ ಥರ್ಮಾಸ್‌ಗೆ ತುಂಬಿ, ಸ್ವಲ್ಪ ನೀರು ಹಾಕಿ, ಚೆನ್ನಾಗಿ ಕಲಕಿ ಗನ್ ಹಿಡಿದೆ. 0 ಬರಬೇಕು. 3.8 ಬಂತು. ಆಮೇಲೆ ಬಿಸಿ ತುದಿ. ಕುದಿಯುವ ನೀರಿಗೆ ಗನ್ ಹಿಡಿದರೆ ಆವಿ ಅಡ್ಡ ಬರುತ್ತದೆ. ಸ್ಟೀಲ್ ಲೋಟದಲ್ಲಿ 60 ಡಿಗ್ರಿ ನೀರು ಹಾಕಿ ಹೊರಗಿನಿಂದ ಹಿಡಿದರೆ 33 ತೋರಿಸಿತು, ಯಾಕೆಂದರೆ ಹೊಳೆಯುವ ಸ್ಟೀಲ್ ತನ್ನ ಬಿಸಿ ಬಿಡುವುದು ಕಡಿಮೆ, ಸುತ್ತಲಿನದನ್ನು ಕನ್ನಡಿಯ ಹಾಗೆ ತೋರಿಸುವುದು ಜಾಸ್ತಿ. ಅದಕ್ಕೆ ಲೋಟದ ಹೊರಮೈಗೆ ಹೊಳಪಿಲ್ಲದ ಕಪ್ಪು ಪೇಂಟ್ ಹೊಡೆದೆ. ಒಂದು ದಿನ ಒಣಗಿಸಿದೆ. ನೀರು ತುಂಬಿ, ಒಳಗೆ ಗಾಜಿನ ಥರ್ಮಾಮೀಟರ್ ಇಳಿಬಿಟ್ಟು, ಕಡ್ಡಿಯಿಂದ ಕಲಕುತ್ತಾ ಮತ್ತೆ ಹಿಡಿದೆ. ಗಾಜಿನದು 60, ಗನ್ 63. ನೀರು ಆರುತ್ತಾ ಬಂದ ಹಾಗೆ ಐದೈದು ಡಿಗ್ರಿಗೆ ಒಮ್ಮೆ ಎರಡನ್ನೂ ಬರೆದುಕೊಂಡೆ. ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು, "ಅಪ್ಪಾ, ಇದೇ ನೋಡು ಬ್ಲ್ಯಾಕ್‌ಬಾಡಿ" ಅಂದಳು. ಆ ಲೋಟ ಈಗ ಅಂಗಡಿಯಲ್ಲಿ 20 ಕಿಲೋ ಕಲ್ಲಿನ ಪಕ್ಕ ಇದೆ.

ಗನ್‌ನ ತಪ್ಪು ಎಷ್ಟು ಅಂತ ಗೊತ್ತಾದ ಮೇಲೆ ಅದನ್ನು ಕಳೆದುಕೊಂಡು ಬಳಸಬಹುದು. ಮಾರ್ಚ್ ಕೊನೆಯಲ್ಲಿ ಜೇವರ್ಗಿ ಕಡೆಯ ನಮ್ಮ ಸಂಬಂಧಿಕರ ಹೊಲಕ್ಕೆ ಹೋದೆವು. ತೊಗರಿ ಕೊಯ್ದು ಖಾಲಿ ಬಿದ್ದ ಎರೆ ಭೂಮಿ. ಸುತ್ತ ಒಂದು ಕಿಲೋಮೀಟರ್ ಮರ ಇಲ್ಲ, ಮನೆ ಇಲ್ಲ. ಟೆರ್ರಾ ಹಾಯುವ ಹೊತ್ತಿಗೆ ಇಪ್ಪತ್ತೈದು ಕಡೆ ಗನ್ ಹಿಡಿದೆವು. ಬಿರುಕಿನ ಒಳಗೆ ಹಿಡಿದರೆ ಆರೇಳು ಡಿಗ್ರಿ ಕಡಿಮೆ, ಹೆಂಟೆಯ ಬಿಸಿಲ ಬದಿ ಹಿಡಿದರೆ ನಾಲ್ಕು ಡಿಗ್ರಿ ಜಾಸ್ತಿ. ಒಂದು ಕೈ ಅಗಲದಲ್ಲಿ ಇಷ್ಟು ಫರಕು. ಗನ್‌ನ ತಪ್ಪು ಕಳೆದು ಸರಾಸರಿ ತೆಗೆದರೆ 38.4 ಬಂತು. ಕೆಲವು ದಿನ ಆದ ಮೇಲೆ ಡೇಟಾ ಬಂತು. ಆ ಚೌಕಕ್ಕೆ 37.1. ನಾನು ಹೊಲದಲ್ಲೇ ಕೂತಿದ್ದರೆ ಮಣ್ಣಿಗೆ ಕೈ ಮುಗಿಯುತ್ತಿದ್ದೆ. ಒಂದು ದಿನದ ಒಂದು ಹೊಲದ ಅಳತೆ ಇದು, ಇದರಿಂದ ಎಲ್ಲ ಸಾಬೀತಾಯಿತು ಅನ್ನುವುದಿಲ್ಲ. ಆದರೆ ನಮ್ಮ ಕೈಯಿಂದ ಇಟ್ಟ ಕಲ್ಲು.

ಈಗ ಕೊರತೆಗಳು. ಇದನ್ನು ಓದದೆ ಡೇಟಾ ತೆಗೆದುಕೊಳ್ಳಬೇಡಿ, ದಯವಿಟ್ಟು.

ಎಲ್ಲಕ್ಕಿಂತ ದೊಡ್ಡದು ಹೊತ್ತು. ಟೆರ್ರಾ ಬೆಳಿಗ್ಗೆ 10:30ಕ್ಕೆ ಭೂಮಧ್ಯರೇಖೆ ದಾಟುವ ಹಾಗೆ ಇಟ್ಟಿದ್ದರು. ಅದನ್ನು ಆ ಹೊತ್ತಿಗೆ ಹಿಡಿದಿಡಲು ತಳ್ಳುವುದನ್ನು 2020ರಲ್ಲಿ ನಿಲ್ಲಿಸಿದರು, ಇಂಧನ ಉಳಿಸಬೇಕಿತ್ತು. 2022ರ ಅಕ್ಟೋಬರ್‌ನಲ್ಲಿ ಕಕ್ಷೆಯನ್ನೂ ಸ್ವಲ್ಪ ಕೆಳಗೆ ಇಳಿಸಿದರು. ಅಂದಿನಿಂದ ಅದು ವರ್ಷ ವರ್ಷ ಬೇಗ ಬರುತ್ತಿದೆ, ಒಂಬತ್ತರ ಕಡೆಗೆ ಸರಿಯುತ್ತಿದೆ. ಆಕ್ವಾ ಮಧ್ಯಾಹ್ನ 1:30ರಿಂದ ತಡಕ್ಕೆ ಸರಿಯುತ್ತಿದೆ. ಸೆನ್ಸರ್ ಸರಿ ಇದೆ, ಆದರೆ ಅಳೆಯುವ ಹೊತ್ತೇ ಬೇರೆ. ಬೆಳಿಗ್ಗೆ ನೆಲ ಒಂದು ಗಂಟೆಯಲ್ಲಿ ಎಷ್ಟು ಕಾಯುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾ? ಮಗಳ ಮೊದಲ ಗ್ರಾಫ್‌ನಲ್ಲಿ 2020ರ ನಂತರ ಕಲಬುರಗಿ ತಣ್ಣಗಾಗುತ್ತಿದೆ ಅಂತ ಬಂದಿತ್ತು! ಅವಳಿಗೆ ಅನುಮಾನ ಬಂದು ಅಳೆದ ಹೊತ್ತಿನ ಕಾಲಂ ತೆಗೆದು ನೋಡಿದಳು. ಡೇ ವ್ಯೂ ಟೈಮ್ ಅಂತ ಇರುತ್ತದೆ. 9.6 ಅಂತ ಇದ್ದರೆ 9 ಗಂಟೆ 36 ನಿಮಿಷ. ಅದೂ ಸೂರ್ಯನ ಲೆಕ್ಕದ ಸ್ಥಳೀಯ ಹೊತ್ತು. ನಮ್ಮ ಊರಿಗೂ ಭಾರತದ ಗಡಿಯಾರಕ್ಕೂ ಸುಮಾರು 23 ನಿಮಿಷ ಅಂತರ, ಹಾಗಾಗಿ ಕೈಗಡಿಯಾರದಲ್ಲಿ ಅದು 9:59. ಹೊಲಕ್ಕೆ ಹೋಗುವಾಗ ಈ 23 ನಿಮಿಷ ಕೂಡಿಸದಿದ್ದರೆ ನಮ್ಮ ಅಳತೆ ಪೂರಾ ಹಾಳಾಗುತ್ತಿತ್ತು. ಈ ಹೊತ್ತಿನ ವಿಷಯವನ್ನು ಡೇಟಾ ಕೊಡುವ ಪುಟದಲ್ಲೇ ಮೇಲೆ ದಪ್ಪ ಅಕ್ಷರದಲ್ಲಿ ಹಾಕಬೇಕು ಅಂತ ನನ್ನ ಆಸೆ. ಎಷ್ಟು ಹುಡುಗರು ತಪ್ಪು ಗ್ರಾಫ್ ಮಾಡಿರುತ್ತಾರೋ.

ಮಳೆಗಾಲದಲ್ಲಿ ಮೋಡ ಇದ್ದರೆ ಅಂಕಿ ಇಲ್ಲ. ಜುಲೈ ಆಗಸ್ಟ್‌ನಲ್ಲಿ ನಮಗೆ ಸಾಲು ಸಾಲು ಖಾಲಿ ಸಿಕ್ಕಿತು. ಮೂಲ ಫೈಲ್‌ನಲ್ಲಿ ಖಾಲಿ ಅಂದರೆ 0 ಅಂತ ಬರೆದಿರುತ್ತದೆ, ಅದನ್ನು ಸರಾಸರಿಗೆ ಸೇರಿಸಿಬಿಡಬೇಡಿ. ಕ್ವಾಲಿಟಿ ಕಾಲಂ ಬೇರೆ ಇರುತ್ತದೆ, ಅದನ್ನು ನೋಡಿಯೇ ಅಂಕಿ ಇಟ್ಟುಕೊಳ್ಳಿ.

ಚೌಕ ದೊಡ್ಡದು. ನಮ್ಮ ಊರಿನ ಅಪ್ಪನ ಕೆರೆಯ ಬಿಸಿ ಬೇಕು ಅಂದರೆ ಕೆರೆ ಒಂದೇ ಸಿಗುವುದಿಲ್ಲ, ದಂಡೆಯ ರಸ್ತೆ, ಮನೆ, ಮಾಳಿಗೆ ಎಲ್ಲ ಸೇರಿ ಒಂದು ಅಂಕಿ ಬರುತ್ತದೆ. ನನ್ನ ಎರಡು ಎಕರೆ ಹೊಲದ್ದು ತೋರಿಸು ಅನ್ನುವ ರೈತರಿಗೆ ಇದು ಆಗುವುದಿಲ್ಲ. ಊರಿಗೆ ಊರು, ತಾಲೂಕಿಗೆ ತಾಲೂಕು ಹೋಲಿಸುವವರಿಗೆ, ಇಪ್ಪತ್ತು ವರ್ಷದ ಲೆಕ್ಕ ನೋಡುವವರಿಗೆ ಇದು. ಅರ್ಧ ಗಂಟೆಗೊಮ್ಮೆ ಬೇಕು ಅನ್ನುವವರಿಗೆ ನಮ್ಮ ಇಸ್ರೊದ ಇನ್ಸಾಟ್ ಇದೆ. 2024ರ ಫೆಬ್ರವರಿ 17ರಂದು ಹೋದ ಇನ್ಸಾಟ್-3ಡಿಎಸ್ ಹೊಸದು, ಆದರೆ ಅದರ ಬಿಸಿಯ ಚೌಕ 4 ಕಿಲೋಮೀಟರ್. ಮೋಡಿಸ್ ನಿಂತ ಮೇಲೆ ಮುಂದುವರಿಸಲು ವಿಯರ್ಸ್ ಅನ್ನುವ ಸೆನ್ಸರ್ 2011ರಿಂದಲೇ ಮೇಲಿದೆ. ಎರಡೂ ಒಟ್ಟಿಗೆ ಕೆಲಸ ಮಾಡಿದ ವರ್ಷಗಳು ಇರುವುದರಿಂದ ಒಂದಕ್ಕೊಂದು ಹೋಲಿಸಿ ಗಂಟು ಹಾಕಬಹುದು. ಹಳೆ ಕಾಟಾ ಬಿಸಾಡುವ ಮೊದಲು ಹೊಸದರ ಪಕ್ಕ ಇಟ್ಟು ಅದೇ ಚೀಲ ಎರಡರಲ್ಲೂ ತೂಗಿ ನೋಡಿ ಅಂತ ನಾನೂ ವ್ಯಾಪಾರಿಗಳಿಗೆ ಹೇಳುತ್ತೇನೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಹಿಡಿದದ್ದು ಆ ಹೊತ್ತಿನ ವಿಷಯ ಎದುರಿಗೆ ಹೇಳದಿದ್ದಕ್ಕೆ.

ಮಗಳ ಪ್ರಶ್ನೆಗೆ ಉತ್ತರವನ್ನು ಅವಳ ನೋಟ್‌ಬುಕ್‌ನಲ್ಲೇ ಬರೆದುಕೊಟ್ಟೆ, ರಿಜಿಸ್ಟರ್‌ನಲ್ಲಿ ಬರೆಯುವ ಹಾಗೆ: ಜೀರೋ ಸರಿ. ಕಲ್ಲು ಸರಿ. ಮೂಲೆ ತಪ್ಪು ಇತ್ತು, ಬರೆದು ಕಳೆದಿದ್ದಾರೆ. ಹೊತ್ತು ನೋಡಿ ಬಳಸಬೇಕು. ಮುದ್ರೆಗೆ ಕಳಿಸಬಹುದು. ಕೆಳಗೆ ಸಹಿ ಹಾಕಿ ತಾರೀಖು ಹಾಕಿದೆ.

ಮೇ ಮೊದಲ ವಾರ ಮತ್ತೆ ಅದೇ ಹೊಲಕ್ಕೆ ಹೋಗುತ್ತೇವೆ, ಈ ಸಲ ಆಕ್ವಾ ಬರುವ ಹೊತ್ತಿಗೆ, ಮಧ್ಯಾಹ್ನ. ನೆಲ 50 ದಾಟಿರುತ್ತದೆ, ಅವರ ದೊಡ್ಡ ಕಲ್ಲಿಗಿಂತ ಮೇಲೆ. ಅಲ್ಲಿ ಎರಡಕ್ಕೂ ಎಷ್ಟು ಅಂತರ ಬರುತ್ತದೆ ಅಂತ ನೋಡಬೇಕು. ಕಪ್ಪು ಲೋಟ, ಗಾಜಿನ ಥರ್ಮಾಮೀಟರ್ ಎರಡನ್ನೂ ಜೊತೆಗೆ ಒಯ್ಯುತ್ತೇನೆ. ಐಸ್ ಫ್ಯಾಕ್ಟರಿಯವರಿಗೆ ಬೆಳಿಗ್ಗೆ ಆರಕ್ಕೇ ಒಂದು ತುಂಡು ಬೇಕು ಅಂತ ಹೇಳಿಟ್ಟಿದ್ದೇನೆ.